ಕರಿದ ಎಣ್ಣೆಗೂ ಒಂದು ಬಿಲ್ ಬೇಕು: ಹೋಟೆಲ್, ಗ್ರೋಸರಿ ನಡೆಸುವವರಿಗೆ ಮರುಬಳಕೆಯ ಲೆಕ್ಕಾಚಾರ

ಸಂಜೆ ನಾಲ್ಕು ಗಂಟೆ ಆಯಿತೆಂದರೆ ದುಬೈಯ ಕರಾಮ, ದೇರಾ, ಶಾರ್ಜಾದ ರೋಲಾ ಕಡೆಯ ಕೆಫೆಟೇರಿಯಾಗಳಲ್ಲಿ ಬಾಣಲೆ ಒಲೆಯಿಂದ ಇಳಿಯುವುದೇ ಇಲ್ಲ. ಸಮೋಸ, ಪರಿಪ್ಪು ವಡೆ, ಪಳಂಪೊರಿ. ನಮ್ಮ ಕರಾವಳಿಯವರ ಅಂಗಡಿಯಾದರೆ ಗೋಳಿಬಜೆ, ಬನ್ಸ್ ಕೂಡ. ಡ್ಯೂಟಿ ಮುಗಿಸಿ ಬಂದವನಿಗೆ ಕೈಯಲ್ಲಿರುವ ಚಿಲ್ಲರೆಯಲ್ಲೇ ಹೊಟ್ಟೆಗೆ ಆಧಾರ. ರಾತ್ರಿ ಅಂಗಡಿ ಮುಚ್ಚುವಾಗ ಬಾಣಲೆಯಲ್ಲಿ ಉಳಿದ ಕಪ್ಪು ಎಣ್ಣೆ ಎಲ್ಲಿಗೆ ಹೋಗುತ್ತದೆ ಅಂತ ತಿಂದವರು ಯಾರೂ ಕೇಳುವುದಿಲ್ಲ. ನಿಜವಾಗಿ ಕೇಳಬೇಕಾದ ಪ್ರಶ್ನೆ ಅದು. ಆ ಎಣ್ಣೆಗೆ ಇರುವುದು ಎರಡು ದಾರಿ. ಒಂದು ದಾರಿಯಲ್ಲಿ ಹೋದರೆ ಅದು ಲಾರಿಯ ಇಂಧನ ಆಗುತ್ತದೆ, ಅಂಗಡಿಗೂ ನಾಲ್ಕು ಕಾಸು ಬರುತ್ತದೆ. ಇನ್ನೊಂದರಲ್ಲಿ ಹೋದರೆ ಒಂದೋ ಪೈಪಿನಲ್ಲಿ ಗಟ್ಟಿಯಾಗಿ ಚರಂಡಿ ಕಟ್ಟುತ್ತದೆ, ಇಲ್ಲಾಂದ್ರೆ ಯಾರದೋ ಗೋಡೌನಿನಲ್ಲಿ ಸೋಸಿ, ಬಣ್ಣ ತೆಗೆದು, ಮತ್ತೆ ಇನ್ಯಾರದೋ ಊಟದ ತಟ್ಟೆಗೆ ಬರುವ ಅಪಾಯ ಇದೆ. ಅಂಥ ಅಗ್ಗದ ಎಣ್ಣೆಯ ಊಟ ಕೊನೆಗೆ ಬಂದು ಸೇರುವುದು ಅಗ್ಗದ ಮೆಸ್ಸಿಗೇ.

'ಸುಸ್ಥಿರತೆ', 'ಮರುಬಳಕೆ' ಅಂದ ಕೂಡಲೇ ಸಣ್ಣ ವ್ಯಾಪಾರಿಗಳು ಅದು ದೊಡ್ಡ ಕಂಪನಿಗಳ ಬಣ್ಣದ ಪುಸ್ತಕದ ಮಾತು ಅಂತ ಬದಿಗಿಡುತ್ತಾರೆ. ಅವರ ಸಂಶಯ ಪೂರ್ತಿ ತಪ್ಪೂ ಅಲ್ಲ. ಫೋಟೋ ತೆಗೆಸಿಕೊಂಡು ಮುಗಿಯುವ ಕಾರ್ಯಕ್ರಮಗಳು ಬೇಕಾದಷ್ಟಿವೆ. ಆದರೆ ಮರುಬಳಕೆ ನಿಜವಾಗಿ ನಡೆದಿರುವ ಕಡೆಯಲ್ಲೆಲ್ಲ ಒಂದು ವಿಷಯ ಸಮಾನವಾಗಿ ಕಾಣುತ್ತದೆ. ಅಲ್ಲಿ ಉಳಿಕೆ ವಸ್ತುವನ್ನು ಕಸ ಅಂತ ನೋಡುವುದಿಲ್ಲ, ಸ್ಟಾಕ್ ಅಂತ ನೋಡುತ್ತಾರೆ. ತೂಕ ಇರುತ್ತದೆ, ದರ ಇರುತ್ತದೆ, ಕೊಂಡವನ ಹೆಸರಿನ ಬಿಲ್ ಇರುತ್ತದೆ. ಈ ಮೂರು ಇಲ್ಲದ ಕಡೆ ಇರುವುದು ಬರೀ ಭಾಷಣ.

ಎಣ್ಣೆಯ ಕಥೆಯನ್ನೇ ಮೊದಲು ನೋಡೋಣ. ಕರಿದ ಎಣ್ಣೆಯಿಂದ ಬಯೋಡೀಸೆಲ್ ಮಾಡುವುದು ರಾಕೆಟ್ ವಿದ್ಯೆಯೇನಲ್ಲ. ಎಣ್ಣೆಯನ್ನು ಸೋಸಿ, ನೀರಿನ ಅಂಶ ತೆಗೆದು, ಮೆಥನಾಲ್ ಮತ್ತು ಒಂದು ಕ್ಷಾರದ ಜೊತೆ ಬೆಚ್ಚಗೆ ಬೆರೆಸುತ್ತಾರೆ. ಸುಮಾರು 100 ಕಿಲೋ ಎಣ್ಣೆಗೆ 10 ಕಿಲೋದಷ್ಟು ಮೆಥನಾಲ್ ಸೇರಿದರೆ ಹತ್ತಿರ ಹತ್ತಿರ 100 ಕಿಲೋ ಬಯೋಡೀಸೆಲ್, 10 ಕಿಲೋ ಗ್ಲಿಸರಿನ್ ಬರುತ್ತದೆ. ಗ್ಲಿಸರಿನ್ ಭಾರವಾದ್ದರಿಂದ ಕೆಳಗೆ ಇಳಿಯುತ್ತದೆ, ಮೇಲೆ ನಿಂತದ್ದನ್ನು ಶುದ್ಧ ಮಾಡಿದರೆ ಇಂಧನ. ಈ ಕೆಲಸ ಕೆಡುವುದು ಕಾರ್ಖಾನೆಯಲ್ಲಿ ಅಲ್ಲ, ಅಡುಗೆಮನೆಯಲ್ಲಿ. ಎಣ್ಣೆಯ ಡ್ರಮ್ಮಿಗೆ ಪಾತ್ರೆ ತೊಳೆದ ನೀರು ಬಿದ್ದರೆ, ಅಥವಾ ಗ್ರೀಸ್ ಟ್ರ್ಯಾಪಿನಿಂದ ಬಾಚಿ ತೆಗೆದ ಕೊಳಕನ್ನು ಅದಕ್ಕೇ ಸುರಿದರೆ, ಕಾರ್ಖಾನೆಯಲ್ಲಿ ಇಂಧನದ ಬದಲು ಸಾಬೂನಿನ ಹಾಗೆ ಗಟ್ಟಿಯಾಗುತ್ತದೆ. ಹಾಗಾಗಿ ಕೊಳ್ಳುವವನು ಡ್ರಮ್ ಮುಚ್ಚಳ ತೆಗೆದು ನೋಡಿಯೇ ದರ ಹೇಳುತ್ತಾನೆ. ಅಂದರೆ ಆ ದರ ನಿಜವಾಗಿ ನಿಂತಿರುವುದು ರಾತ್ರಿ ಹನ್ನೊಂದು ಗಂಟೆಗೆ ಬಾಣಲೆ ಖಾಲಿ ಮಾಡುವ ಹುಡುಗನ ಕೈಯಲ್ಲಿ. ಎಣ್ಣೆ ತಣಿದ ಮೇಲೆ ಜರಡಿಯಲ್ಲಿ ಸೋಸಿ, ಒಣಗಿದ ಡ್ರಮ್ಮಿಗೆ ಹಾಕಿ ಮುಚ್ಚಳ ಬಿಗಿದರೆ ಸಾಕು. ತಣಿಯುವ ಮೊದಲೇ ಸುರಿಯಲು ಹೋಗಿ ಕೈಸುಟ್ಟುಕೊಳ್ಳುವುದು ಬೇಡ.

ಯುಎಇಯಲ್ಲಿ ಇದನ್ನು ಎಲ್ಲರಿಗೂ ಕಾಣುವ ಹಾಗೆ ಮಾಡಿ ತೋರಿಸಿದ್ದು ಮೆಕ್‌ಡೊನಾಲ್ಡ್ಸ್. ದುಬೈಯ ನ್ಯೂಟ್ರಲ್ ಫ್ಯೂಯೆಲ್ಸ್ ಎಂಬ ಕಂಪನಿಯ ಜೊತೆ ಸೇರಿ, ತನ್ನ ರೆಸ್ಟೋರೆಂಟ್‌ಗಳಲ್ಲಿ ಉಳಿದ ಎಣ್ಣೆಯಿಂದ ಮಾಡಿದ ಬಯೋಡೀಸೆಲ್‌ನಲ್ಲೇ 2011ರಿಂದ ತನ್ನ ಸರಕು ಸಾಗಣೆಯ ಲಾರಿಗಳನ್ನು ಓಡಿಸುತ್ತಾ ಬಂತು. ಲೆಕ್ಕ ಬರೆಯುವವರು ಇದರಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಇಲ್ಲಿ ಕಚ್ಚಾ ಮಾಲು ಕೊಡುವವನೂ, ತಯಾರಾದ ಮಾಲು ಕೊಳ್ಳುವವನೂ ಒಬ್ಬನೇ. ಹಾಗಾಗಿ ನ್ಯೂಟ್ರಲ್ ಫ್ಯೂಯೆಲ್ಸ್‌ಗೆ 'ನಾಳೆ ಎಣ್ಣೆ ಸಿಗುತ್ತದೋ ಇಲ್ಲವೋ', 'ಮಾಡಿದ ಇಂಧನ ಯಾರು ಕೊಳ್ಳುತ್ತಾರೆ' ಎಂಬ ಎರಡೂ ಚಿಂತೆ ಒಂದೇ ಒಪ್ಪಂದದಲ್ಲಿ ಹಗುರವಾಯಿತು. ಪಾಲುದಾರಿಕೆ ಅಂದರೆ ಇದು. ಇಬ್ಬರು ಮ್ಯಾನೇಜರುಗಳು ಕೈಕುಲುಕಿ ಫೋಟೋಗೆ ನಿಲ್ಲುವುದಲ್ಲ. ಒಬ್ಬನ ನಷ್ಟದ ಭಯವನ್ನು ಇನ್ನೊಬ್ಬ ಬರವಣಿಗೆಯಲ್ಲಿ ಹೊತ್ತುಕೊಳ್ಳುವುದು.

ಭಾರತದಲ್ಲಿ ಇದೇ ಕೆಲಸವನ್ನು ಸರ್ಕಾರದ ಕಡೆಯಿಂದ ಶುರು ಮಾಡಿದರು. ಎಣ್ಣೆ ಕಾದಷ್ಟೂ ಅದರಲ್ಲಿ 'ಪೋಲಾರ್ ಕಾಂಪೌಂಡ್ಸ್' ಅನ್ನುವ ಅಂಶ ಹೆಚ್ಚುತ್ತಾ ಹೋಗುತ್ತದೆ. ಅದು ಶೇ. 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2018ರ ಜುಲೈ 1ರಿಂದ ನಿಯಮ ತಂದಿತು. ಬಳಸಬಾರದು ಅಂದ ಮೇಲೆ ಎಣ್ಣೆ ಎಲ್ಲಿಗೆ ಹೋಗಬೇಕು? ಅದಕ್ಕಾಗಿ ಅದೇ ವರ್ಷ ಆಗಸ್ಟ್ 10ರಂದು 'ರೂಕೋ' ಎಂಬ ಯೋಜನೆ ಬಂತು. ಮರುವರ್ಷ ಇಂಡಿಯನ್ ಆಯಿಲ್, ಬಿಪಿಸಿಎಲ್, ಎಚ್‌ಪಿಸಿಎಲ್ ಮೂರೂ ಕಂಪನಿಗಳು 100 ನಗರಗಳಲ್ಲಿ ಕರಿದ ಎಣ್ಣೆಯ ಬಯೋಡೀಸೆಲ್ ಕೊಳ್ಳಲು ಮುಂದೆ ಬಂದವು. ಮೊದಲ ವರ್ಷ ಲೀಟರಿಗೆ 51 ರೂಪಾಯಿ, ಎರಡನೇ ವರ್ಷ 52 ರೂಪಾಯಿ 70 ಪೈಸೆ, ಮೂರನೇ ವರ್ಷ 54 ರೂಪಾಯಿ 50 ಪೈಸೆ ಅಂತ ಮೊದಲೇ ದರ ಹೇಳಿದರು. ಈ ಮೂರು ಸಂಖ್ಯೆ ಸಾಧಾರಣ ಕಂಡರೂ ಇಡೀ ಯೋಜನೆಯ ಜೀವ ಇದರಲ್ಲೇ ಇದೆ. ಘಟಕ ಹಾಕುವವನು ಬ್ಯಾಂಕಿಗೆ ಹೋಗಿ ಸಾಲ ಕೇಳಿದಾಗ, 'ಮೂರು ವರ್ಷದ ದರ ಇಷ್ಟು' ಅಂತ ತೋರಿಸಲು ಒಂದು ಕಾಗದ ಸಿಕ್ಕಿತು. ಊರಲ್ಲಿ ಮನೆಯವರು ಹೋಟೆಲ್, ಬೇಕರಿ, ಚಿಪ್ಸ್ ಅಂಗಡಿ ನಡೆಸುತ್ತಿದ್ದರೆ ಇನ್ನೊಂದು ವಿಷಯವೂ ತಿಳಿದಿರಲಿ: ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಕರಿಯಲು ಬಳಸುವವರು ಅದರ ದಾಖಲೆ ಇಡಬೇಕು ಎಂಬ ಆದೇಶ 2019ರಿಂದ ಇದೆ.

ಸಣ್ಣ ಅಂಗಡಿಗೆ ಇದರಿಂದ ಎಷ್ಟು ಬರುತ್ತದೆ? ಒಂದು ಲೆಕ್ಕ ಹಾಕಿ ನೋಡಬಹುದು. ಇಲ್ಲಿರುವ ದರಗಳು ಮಾರುಕಟ್ಟೆ ದರ ಅಲ್ಲ, ಲೆಕ್ಕಕ್ಕಾಗಿ ಹಿಡಿದವು. ತಿಂಗಳಿಗೆ 17 ಲೀಟರಿನ 20 ಟಿನ್ ಎಣ್ಣೆ ತರುವ ಕೆಫೆಟೇರಿಯಾ ಅಂದುಕೊಳ್ಳೋಣ. ಒಟ್ಟು 340 ಲೀಟರ್. ತಿಂಡಿ ಹೀರಿಕೊಂಡು ಕಾಲು ಭಾಗ ಉಳಿಯಿತು ಅಂದರೆ 85 ಲೀಟರ್. ಲೈಸೆನ್ಸ್ ಇರುವ ಕಂಪನಿ ಲೀಟರಿಗೆ 2 ದಿರ್ಹಂ ಕೊಟ್ಟರೆ 170 ದಿರ್ಹಂ. ಪಿಕಪ್ಪಿನಲ್ಲಿ ಬಂದು, ಬಿಲ್ ಇಲ್ಲದೆ ಕ್ಯಾಶ್ ಕೊಡುವವನು ಎರಡೂವರೆ ಕೊಟ್ಟರೆ 212 ದಿರ್ಹಂ 50 ಫಿಲ್ಸ್. ವ್ಯತ್ಯಾಸ ತಿಂಗಳಿಗೆ 42 ದಿರ್ಹಂ 50 ಫಿಲ್ಸ್. ಮೂರ್ನಾಲ್ಕು ಬಿರಿಯಾನಿಯ ದುಡ್ಡು. ಆ ದುಡ್ಡಿಗಾಗಿ ಅಂಗಡಿಯ ಎಣ್ಣೆ ಎಲ್ಲಿಗೆ ಹೋಯಿತು ಅನ್ನುವುದಕ್ಕೆ ಒಂದು ಚೂರು ಕಾಗದವೂ ಉಳಿಯುವುದಿಲ್ಲ. ನಾಳೆ ಬಲದಿಯಾದ ಇನ್‌ಸ್ಪೆಕ್ಟರ್ ಬಂದು, 'ಇಷ್ಟು ಎಣ್ಣೆ ತರುತ್ತೀರಿ, ಹಳೆಯದು ಎಲ್ಲಿ?' ಅಂತ ಕೇಳಿದರೆ ಕ್ಯಾಶ್ ಕೊಟ್ಟವನ ಮೊಬೈಲ್ ನಂಬರ್ ಉತ್ತರ ಆಗುವುದಿಲ್ಲ.

ಬಿಲ್ ಅಂದಾಗ ವ್ಯಾಟ್ ಮಾತೂ ಬರುತ್ತದೆ. ಯುಎಇಯಲ್ಲಿ 12 ತಿಂಗಳ ವಹಿವಾಟು 3,75,000 ದಿರ್ಹಂ ದಾಟಿದರೆ ವ್ಯಾಟ್ ನೋಂದಣಿ ಕಡ್ಡಾಯ. ನೋಂದಣಿ ಇರುವ ಅಂಗಡಿ ಹಳೆ ಎಣ್ಣೆ ಮಾರಿದರೂ ಅದು ಮಾರಾಟವೇ, ಶೇ. 5ರ ಲೆಕ್ಕದಲ್ಲಿ 170 ದಿರ್ಹಂಗೆ 8 ದಿರ್ಹಂ 50 ಫಿಲ್ಸ್ ಸೇರಿಸಿ ಟ್ಯಾಕ್ಸ್ ಇನ್‌ವಾಯ್ಸ್ ಕೊಡಬೇಕು. ಬಹಳ ಅಂಗಡಿಗಳ ಪುಸ್ತಕದಲ್ಲಿ ಈ ಸಾಲೇ ಇರುವುದಿಲ್ಲ. ಹಳೆ ಎಣ್ಣೆ, ಹಳೆ ಕಾರ್ಟನ್, ಖಾಲಿ ಟಿನ್ ಮಾರಿದ ದುಡ್ಡು ಕ್ಯಾಶ್ ಡ್ರಾಯರಿನ ಪಕ್ಕದ ಡಬ್ಬಿಗೆ ಹೋಗಿ ಸ್ಟಾಫಿನ ಚಹಾ ಖರ್ಚಿಗೆ ಮುಗಿಯುತ್ತದೆ. ಸ್ಟಾಫಿಗೆ ಕೊಡುವುದರಲ್ಲಿ ತಪ್ಪಿಲ್ಲ. ಬರೆದು ಕೊಡಲಿ.

ಬಾಟಲಿ ಎಲ್ಲಿಗೆ ಹೋಗುತ್ತದೆ?

ಎಣ್ಣೆ ಬಿಟ್ಟರೆ ಗಲ್ಫಿನಲ್ಲಿ ಅತಿ ಹೆಚ್ಚು ಕಣ್ಣಿಗೆ ಬೀಳುವುದು ನೀರಿನ ಬಾಟಲಿ. ಬಿಸಿಲಲ್ಲಿ ಸೈಟಿನಲ್ಲಿ ಕೆಲಸ ಮಾಡುವವನಿಗೆ ಬಾಟಲಿ ನೀರು ಕಡಿಮೆ ಮಾಡು ಅಂತ ಹೇಳುವುದು ಅನ್ಯಾಯ. ಖಾಲಿ ಆದ ಮೇಲಿನ ಕಥೆ ಬೇರೆ. ಬಾಟಲಿಯ ತಳದಲ್ಲಿ ತ್ರಿಕೋನದೊಳಗೆ 1 ಅಂತ ಇದ್ದರೆ ಅದು ಪೆಟ್ ಪ್ಲಾಸ್ಟಿಕ್. ಅದನ್ನು ಚೂರು ಮಾಡಿ ನೀರಿಗೆ ಹಾಕಿದರೆ ಪೆಟ್ ಮುಳುಗುತ್ತದೆ, ಮುಚ್ಚಳದ ಪ್ಲಾಸ್ಟಿಕ್ ತೇಲುತ್ತದೆ. ಹಾಗೆ ಎರಡೂ ಬೇರೆಯಾಗುತ್ತವೆ. ತೊಳೆದ ಚೂರನ್ನು ಕರಗಿಸಿ ಸಣ್ಣ ತೂತುಗಳಿಂದ ಎಳೆದರೆ ಪಾಲಿಯೆಸ್ಟರ್ ನೂಲು. ಎಮಿರೇಟ್ಸ್ ವಿಮಾನದ ಎಕಾನಮಿ ಕ್ಲಾಸಿನಲ್ಲಿ 2016ರಿಂದ ಕೊಡಲು ಶುರು ಮಾಡಿದ ಕಂಬಳಿ ಹೀಗೆ ಆದದ್ದು. ಒಂದು ಕಂಬಳಿಗೆ 28 ಬಾಟಲಿ. (ಮಂಗಳೂರಿಗೆ ಬಜೆಟ್ ವಿಮಾನದಲ್ಲಿ ಹೋಗುವವರಿಗೆ ಕಂಬಳಿಯ ಯೋಗವೇ ಇಲ್ಲ, ಅದು ಬೇರೆ ವಿಷಯ.) 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇಂಡಿಯನ್ ಆಯಿಲ್ ಕಂಪನಿ ಹಳೆ ಬಾಟಲಿಯ ಬಟ್ಟೆಯಿಂದ ತನ್ನ ಸಿಬ್ಬಂದಿಗೆ ಸಮವಸ್ತ್ರ ಮಾಡುವ ಯೋಜನೆ ತೋರಿಸಿತು. ಅದೇ ವಾರ ಪ್ರಧಾನಿ ಮೋದಿ ಅಂಥ ಬಟ್ಟೆಯ ನೀಲಿ ಜಾಕೆಟ್ ತೊಟ್ಟು ಸಂಸತ್ತಿಗೆ ಬಂದದ್ದು ಸುದ್ದಿಯಾಗಿತ್ತು.

ಇವೆರಡರಲ್ಲೂ ಮೆಚ್ಚಬೇಕಾದ್ದು ಕಂಬಳಿಯನ್ನೂ ಅಲ್ಲ, ಜಾಕೆಟನ್ನೂ ಅಲ್ಲ. ವಿಮಾನ ಕಂಪನಿಗೆ ವರ್ಷಕ್ಕೆ ಲಕ್ಷಗಟ್ಟಲೆ ಕಂಬಳಿ ಹೇಗೂ ಬೇಕು, ಪೆಟ್ರೋಲ್ ಬಂಕಿನವರಿಗೆ ಸಮವಸ್ತ್ರ ಹೇಗೂ ಬೇಕು. ಹೇಗೂ ಕೊಳ್ಳುವ ವಸ್ತುವನ್ನೇ ಮರುಬಳಕೆಯ ಮಾಲಿನಲ್ಲಿ ಕೊಡಿ ಅಂತ ಆರ್ಡರ್ ಕೊಟ್ಟರು. ಹೊಸ ಖರ್ಚಿನ ಬಾಬ್ತು ಹುಟ್ಟಲಿಲ್ಲ, ಇದ್ದ ಖರ್ಚಿನ ದಿಕ್ಕು ಬದಲಾಯಿತು. ಈ ಉಪಾಯ ಸಣ್ಣವರಿಗೂ ಆಗುತ್ತದೆ. ಸೂಪರ್ ಮಾರ್ಕೆಟಿನ ಸ್ಟಾಫ್ ಯೂನಿಫಾರ್ಮ್, ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ, ಕ್ರಿಕೆಟ್ ಟೂರ್ನಿಗೆ ಹೊಲಿಸುವ ಟೀಶರ್ಟ್ ಎಲ್ಲ ಹೇಗೂ ಆಗುವ ಖರ್ಚೇ. ಆದರೆ ಪ್ರಿಂಟಿಂಗ್ ಅಂಗಡಿಯವನು 'ರಿಸೈಕಲ್ಡ್ ಬಟ್ಟೆ ಸರ್' ಅಂತ ಬಾಯಿಮಾತಲ್ಲಿ ಹೇಳಿದರೆ ಸಾಲದು. ಜಿಆರ್‌ಎಸ್ ಅಂತ ಒಂದು ಅಂತಾರಾಷ್ಟ್ರೀಯ ಪ್ರಮಾಣಪತ್ರ ಇದೆ. ಗ್ರಾಹಕರಿಗೆ ಕಾಣುವ ಹಾಗೆ ಅದರ ಗುರುತು ಹಾಕಬೇಕಾದರೆ ಬಟ್ಟೆಯಲ್ಲಿ ಕನಿಷ್ಠ ಶೇ. 50ರಷ್ಟು ಮರುಬಳಕೆಯ ಮಾಲು ಇರಬೇಕು. ಆ ಪ್ರತಿ ಕೇಳಿ ಪಡೆಯುವುದು ಕೊಳ್ಳುವವನ ಹಕ್ಕು.

ಕಂಬಳಿಯ ದಾರಿಗೆ ಒಂದು ಮಿತಿಯೂ ಇದೆ. ಬಾಟಲಿ ಬಟ್ಟೆಯಾದರೆ ಮತ್ತೆ ಬಾಟಲಿಯಾಗುವುದು ಕಷ್ಟ. ಬಣ್ಣ, ಹತ್ತಿ, ಗುಂಡಿ ಎಲ್ಲ ಸೇರಿಕೊಂಡಿರುತ್ತದೆ. ಬಾಟಲಿಯಿಂದ ಮತ್ತೆ ಬಾಟಲಿ ಮಾಡಿದರೆ ಸುತ್ತು ಮುಂದುವರಿಯುತ್ತದೆ. ಅದಕ್ಕೆ ಒಳಗೆ ಚಹಾ, ಪಾನ್, ಸಿಗರೇಟ್ ತುಂಡು ಹಾಕದ ಬಾಟಲಿ ಬೇಕು.

ಕ್ಯಾನ್ ವಿಷಯ ಇಷ್ಟು ಜಟಿಲ ಅಲ್ಲ. ಅದಿರಿನಿಂದ ಅಲ್ಯೂಮಿನಿಯಂ ತೆಗೆಯುವುದಕ್ಕೆ ಹೋಲಿಸಿದರೆ ಹಳೆ ಕ್ಯಾನ್ ಕರಗಿಸುವುದಕ್ಕೆ ಶೇ. 95ರಷ್ಟು ಕಡಿಮೆ ವಿದ್ಯುತ್ ಸಾಕು. ಎಷ್ಟು ಸಲ ಕರಗಿಸಿದರೂ ಲೋಹ ಲೋಹವೇ. ಅದಕ್ಕೇ ಕ್ಯಾನಿಗೆ ಯಾವಾಗಲೂ ಗಿರಾಕಿ ಇರುತ್ತಾನೆ, ಪ್ರಚಾರ ಬೇಕಾಗಿಲ್ಲ.

ಆಯುವವರಿಗೆ ಏನು ಸಿಕ್ಕಿತು?

ಪಾಲುದಾರಿಕೆಯ ಮಾತು ಬಂದಾಗ ಬೆಂಗಳೂರನ್ನು ಬಿಟ್ಟು ಹೇಳಲು ಆಗುವುದಿಲ್ಲ. ಬೀದಿಯಲ್ಲಿ ಚಿಂದಿ ಆಯುವವರನ್ನು ಲೆಕ್ಕ ಹಾಕಿ, ಅವರಿಗೆ ಪಾಲಿಕೆಯಿಂದಲೇ ಗುರುತಿನ ಚೀಟಿ ಕೊಡಿಸಿದ ಕೆಲಸ ಅಲ್ಲಿ ಆಯಿತು. 'ಹಸಿರು ದಳ' ಸಂಸ್ಥೆ ಇದರ ಹಿಂದೆ ಇತ್ತು. ವಾರ್ಡುಗಳ ಒಣಕಸ ಸಂಗ್ರಹ ಕೇಂದ್ರಗಳನ್ನು ನಡೆಸುವ ಕೆಲಸ ಚಿಂದಿ ಆಯುತ್ತಿದ್ದವರಿಗೇ ಸಿಕ್ಕಿತು. 2019ರಲ್ಲಿ ಬ್ರಿಟನ್‌ನ ಸೌಂದರ್ಯ ಸಾಮಗ್ರಿ ಕಂಪನಿ ದಿ ಬಾಡಿ ಶಾಪ್, ಪ್ಲಾಸ್ಟಿಕ್ಸ್ ಫಾರ್ ಚೇಂಜ್ ಎಂಬ ಸಂಸ್ಥೆ ಮತ್ತು ಹಸಿರು ದಳದ ಜೊತೆ ಸೇರಿ, ಬೆಂಗಳೂರಿನಲ್ಲಿ ಆಯ್ದ ಪ್ಲಾಸ್ಟಿಕ್ಕಿಗೆ ನ್ಯಾಯದ ದರ ಕೊಟ್ಟು ತನ್ನ ಶಾಂಪೂ ಬಾಟಲಿಗೆ ಬಳಸುವುದಾಗಿ ಹೇಳಿತು. ಆ ವರ್ಷಕ್ಕೆ 250 ಟನ್ ಕೊಳ್ಳುವ ಗುರಿ. ಗುಜರಿ ಅಂಗಡಿಯವನು ಬೆಳಿಗ್ಗೆ ಒಂದು ದರ, ಸಂಜೆ ಒಂದು ದರ ಹೇಳುವ ಧಂಧೆಯಲ್ಲಿ ನಿಂತ ದರ ಸಿಗುವುದೇ ಆಯುವ ಹೆಂಗಸರಿಗೆ ದೊಡ್ಡ ಸಂಗತಿ. ತಿಂಗಳ ಸಂಬಳ ಒಂದನೇ ತಾರೀಕಿಗೆ ಬರುತ್ತದೋ ಹತ್ತಕ್ಕೋ ಅಂತ ಕಾದು ಗೊತ್ತಿರುವ ಗಲ್ಫಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ 2024ರ ಫೆಬ್ರವರಿಯಲ್ಲಿ ಬ್ರಿಟನ್‌ನ ಬಾಡಿ ಶಾಪ್ ಸ್ವತಃ ಸಾಲಗಾರರಿಂದ ರಕ್ಷಣೆ ಪಡೆಯುವ ಆಡಳಿತಾಧಿಕಾರಿ ವ್ಯವಸ್ಥೆಗೆ ಹೋಯಿತು. ಆ ಮೇಲೆ ಹೊಸ ಮಾಲೀಕರು ಬಂದರು. ಇಂಥ ಸಮಯದಲ್ಲಿ ಮಾಲು ಕೊಟ್ಟು ದುಡ್ಡಿಗೆ ಕಾಯುತ್ತಿರುವವರ ಸರದಿ ಬ್ಯಾಂಕು, ಸರ್ಕಾರ, ನೌಕರರ ನಂತರ ಬರುವುದೇ ಹೆಚ್ಚು. ಎಷ್ಟೇ ಒಳ್ಳೆಯ ಮನಸ್ಸಿನ ಕೊಳ್ಳುಗನಾದರೂ ಒಬ್ಬನನ್ನೇ ನಂಬಿ ಘಟಕ ಹಾಕುವುದು ಅಪಾಯ. ಇಬ್ಬರು, ಮೂವರು ಕೊಳ್ಳುವವರಿರಲಿ. ದುಡ್ಡು ಬರುವ ದಿನ ಒಪ್ಪಂದದಲ್ಲೇ ಇರಲಿ.

ಊರಲ್ಲಿ ದುಡ್ಡು ಹಾಕುವ ಮೊದಲು

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಹದಿನೈದು ಇಪ್ಪತ್ತು ವರ್ಷ ಇಲ್ಲಿ ದುಡಿದು ಊರಿಗೆ ವಾಪಸ್ಸಾಗುವವರ ಮುಂದೆ ಈಗ ಪ್ಲಾಸ್ಟಿಕ್ ಮರುಬಳಕೆ ಘಟಕದ ಆಸೆ ತೋರಿಸುವವರು ಇದ್ದಾರೆ. 'ಸರ್ಕಾರದ ನಿಯಮ ಇದೆ, ಮಾಲಿಗೆ ಬೇಡಿಕೆ ಗ್ಯಾರಂಟಿ' ಅನ್ನುತ್ತಾರೆ. ನಿಯಮ ಇರುವುದು ನಿಜ. ಗಟ್ಟಿ ಪ್ಲಾಸ್ಟಿಕ್ ಪ್ಯಾಕಿಂಗಿನಲ್ಲಿ 2025-26ರಿಂದ ಶೇ. 30, 2028-29ರ ಹೊತ್ತಿಗೆ ಶೇ. 60ರಷ್ಟು ಮರುಬಳಕೆಯ ಪ್ಲಾಸ್ಟಿಕ್ ಸೇರಬೇಕು ಅಂತ ಭಾರತ ಸರ್ಕಾರದ 2022ರ ನಿಯಮದಲ್ಲಿ ಗುರಿ ಇಟ್ಟಿದ್ದಾರೆ. ಪ್ಯಾಕಿಂಗ್ ಮಾಡುವ ಕಂಪನಿಗಳು ಮರುಬಳಕೆ ಘಟಕಗಳಿಂದ 'ಇಷ್ಟು ಟನ್ ಮರುಬಳಕೆ ಆಯಿತು' ಎಂಬ ಪ್ರಮಾಣಪತ್ರವನ್ನೂ ಕೊಳ್ಳಬೇಕು. ಕಾಗದಕ್ಕೆ ಬೆಲೆ ಬಂದ ಕೂಡಲೇ ಸುಳ್ಳು ಕಾಗದ ಹುಟ್ಟಿತು. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತಪಾಸಣೆ ಮಾಡಿದಾಗ ಗುಜರಾತ್, ಮಹಾರಾಷ್ಟ್ರ, ಕರ್ನಾಟಕದ ಕೆಲವೇ ಘಟಕಗಳಿಂದ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರ ಹೊರಬಂದದ್ದು ಗೊತ್ತಾಯಿತು.

ಹಾಗಾಗಿ ದುಡ್ಡು ಹಾಕಲು ಕರೆಯುವ ಸಂಬಂಧಿಕನೇ ಆಗಲಿ, ಊರಿನ ಗೆಳೆಯನೇ ಆಗಲಿ, ಮೆಷಿನ್ ತೋರಿಸಿದರೆ ಸಾಲದು. ಕಚ್ಚಾ ಮಾಲು ಯಾರು ಕೊಡುತ್ತಾರೆ, ಯಾವ ಪಂಚಾಯತ್ ಅಥವಾ ನಗರಸಭೆಯ ಜೊತೆ ಬರಹದ ಒಪ್ಪಂದ ಇದೆ? ಬಂದ ಮಾಲಿನಲ್ಲಿ ಎಷ್ಟು ಮಣ್ಣು, ನೀರು, ಬೇಡದ ಪ್ಲಾಸ್ಟಿಕ್ ಅಂತ ಕಳೆಯುತ್ತಾರೆ? 100 ಕಿಲೋ ತೂಗಿ ತಂದು 70 ಕಿಲೋ ಮಾತ್ರ ಕೈಗೆ ಸಿಕ್ಕಿದರೆ ಮಾಲಿನ ನಿಜವಾದ ದರ ಕಿಲೋಗೆ 20 ಅಲ್ಲ, 28 ರೂಪಾಯಿ 57 ಪೈಸೆ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಈ ಕಳೆತವನ್ನು ಕಡಿಮೆ ತೋರಿಸಿ ಲಾಭ ಉಬ್ಬಿಸುವುದು ಸುಲಭ. ಒಂದು ವರ್ಷದ ವಿದ್ಯುತ್ ಬಿಲ್ ಕೇಳಿದರೆ ಅರ್ಧ ಸತ್ಯ ಹೊರಬೀಳುತ್ತದೆ: ಮೆಷಿನ್ ಓಡದೆ ಟನ್ನುಗಟ್ಟಲೆ ಮಾಲು ಹೊರಬರುವುದಿಲ್ಲ.

ಇಲ್ಲೇ ಅಂಗಡಿ ನಡೆಸುವವರಿಗೆ ಈಗ ಮುಂದಿರುವ ವಿಷಯ ದುಬೈಯ ನಿಷೇಧ. 2024ರಲ್ಲಿ ಒಂದೇ ಸಲ ಬಳಸುವ ಚೀಲ ಹೋಯಿತು. 2025ರ ಜನವರಿ 1ರಿಂದ ಪ್ಲಾಸ್ಟಿಕ್ ಸ್ಟ್ರಾ, ಚಹಾ ಕಲಕುವ ಕಡ್ಡಿ, ಟೇಬಲ್ ಶೀಟ್, ಥರ್ಮಾಕೋಲ್ ಕಪ್, ಡಬ್ಬಿ. 2026ರ ಜನವರಿ 1ರಿಂದ ಪ್ಲಾಸ್ಟಿಕ್ ತಟ್ಟೆ, ಚಮಚ, ಊಟದ ಡಬ್ಬಿ, ಕಪ್ಪು ಮತ್ತು ಮುಚ್ಚಳ. ನಮ್ಮ ದಕ್ಷಿಣ ಕನ್ನಡದ ಅಡಿಕೆ ಹಾಳೆ ತಟ್ಟೆಗೆ ಇದು ಅವಕಾಶ ಅಂತ ಹಲವರು ಲೆಕ್ಕ ಹಾಕುತ್ತಿದ್ದಾರೆ. ತೋಟದಲ್ಲಿ ಉದುರಿ ಬೀಳುವ ಹಾಳೆಗೆ ಬೆಲೆ ಬರುವುದು ಒಳ್ಳೆಯದೇ. ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆಯಲ್ಲಿರುವ ರಾಸಾಯನಿಕ ಅಂಶ ಊಟಕ್ಕೆ ಸೇರಬಹುದು ಅಂತ ಹಾಳೆ ತಟ್ಟೆಯನ್ನು ಅಲ್ಲಿ ಆಹಾರಕ್ಕೆ ಬಳಸಲು ಒಪ್ಪಲಿಲ್ಲ. ಅದು ಅಮೆರಿಕದ ತೀರ್ಮಾನ, ಇಲ್ಲಿಗೆ ಅನ್ವಯಿಸುವುದಲ್ಲ. ಆದರೂ ಕಂಟೇನರ್ ತುಂಬಿಸುವ ಮೊದಲು ಇಲ್ಲಿನ ಮುನ್ಸಿಪಾಲಿಟಿಯಲ್ಲಿ ಕೇಳಿ, ಲ್ಯಾಬ್ ರಿಪೋರ್ಟ್ ಕೈಯಲ್ಲಿಟ್ಟುಕೊಳ್ಳುವುದು ಕ್ಷೇಮ.

ಇನ್ನು ಎಣ್ಣೆ, ಕಾರ್ಟನ್, ಬಾಟಲಿ ಒಯ್ಯುವ ಕಂಪನಿಯ ಜೊತೆ ಕರಾರು ಮಾಡುವಾಗ ನೋಡಬೇಕಾದ್ದು ಹೆಚ್ಚೇನಿಲ್ಲ. ಟ್ರೇಡ್ ಲೈಸೆನ್ಸಿನಲ್ಲಿ ಈ ಕೆಲಸದ ಹೆಸರು ಇರಬೇಕು, ಮುನ್ಸಿಪಾಲಿಟಿ ಅನುಮತಿಯ ಪ್ರತಿ ಇರಬೇಕು. ತೂಕ ಅಂಗಡಿಯಲ್ಲೇ ಆಗಬೇಕು, ಅವರ ಗೋಡೌನಿನಲ್ಲಿ ಅಲ್ಲ. ಪ್ರತಿ ಸಲ ತೂಕದ ಸ್ಲಿಪ್ಪಿಗೆ ಎರಡು ಕಡೆಯವರ ಸಹಿ ಬೇಕು. ಒಂದು ಅಂಗಡಿಯ 85 ಲೀಟರಿಗೆ ಗಾಡಿ ಬರಲು ಒಪ್ಪದಿದ್ದರೆ ಒಂದೇ ಬೀದಿಯ ನಾಲ್ಕೈದು ಕೆಫೆಟೇರಿಯಾಗಳು ಸೇರಿ ಒಂದೇ ದಿನ ಗೊತ್ತು ಮಾಡಿಕೊಳ್ಳಬಹುದು. ಗಾಡಿಯ ಖರ್ಚು ಹಂಚಿಹೋಗುವುದರಿಂದ ದರದಲ್ಲೂ ಚೌಕಾಸಿಗೆ ಜಾಗ ಸಿಗುತ್ತದೆ. ಬೇರೆ ಬೇರೆ ಮಾಲೀಕರು, ಬೇರೆ ಬೇರೆ ಲೈಸೆನ್ಸ್ ಆದ್ದರಿಂದ ಡ್ರಮ್ ಮಾತ್ರ ಬೇರೆಯೇ ಇರಲಿ, ಬಿಲ್ಲೂ ಆಯಾ ಅಂಗಡಿಯ ಹೆಸರಲ್ಲೇ ಆಗಲಿ.